ಮಾಹಿತಿ ಕೊಟ್ಟವರು: ಮಗ

ಪ್ರೊಜೆಕ್ಟರ್ ಕೋಣೆ, ಕಾಲೇಜು ಸಭಾಂಗಣದ ಹಿಂಭಾಗ
ಗುರುವಾರ, ಹನ್ನೊಂದನೇ ತಾರೀಕು, ಊಟದ ಬಿಡುವಿನಲ್ಲಿ

ತಮ್ಮಾ,

"ಪ್ರೀತಿಯ" ಎಂದೇ ಶುರುಮಾಡಿದ್ದೆ. ಬರೆದ ಪದ ನೋಡಿ ನನಗೇ ಸಿಟ್ಟು ಬಂದು ಹಾಳೆ ಬದಲಾಯಿಸಿದೆ. ಇರಲಿ. ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೆ? ರಿಪೇರಿ ಮಾಡುತ್ತ ಲಿಫ್ಟಿನ ಗುಂಡಿಯಲ್ಲಿ ಗಂಟೆಗಟ್ಟಲೆ ಬಗ್ಗಿ ನಿಲ್ಲಬೇಡ, ಸೊಂಟಕ್ಕೆ ಬೆಲ್ಟ್ ಕಟ್ಟಿಕೋ ಎಂದು ನೂರು ಸಲ ಹೇಳಿದ್ದೇನೆ. ಹೇಳಿದ್ದು ಕೇಳುವ ಪೈಕಿಯೇ ಅಲ್ಲ ನೀನು. ನಿನ್ನ ಹೆಂಡತಿಗೆ ಹೊಸ ಊರಿನ ನೀರು ಒಗ್ಗಿತೆ? ಮಗಳು ಲೆಕ್ಕದಲ್ಲಿ ಪಾಸಾದಳೆ? ಸರಿ, ಕೇಳಬೇಕಾದ್ದನ್ನು ಕೇಳಿದೆ. ನೀನು ಅಮ್ಮನ ಬಗ್ಗೆ ಕೇಳಿ ಎರಡು ತಿಂಗಳಾಯಿತು, ಆದ್ದರಿಂದ ನಾನೇ ಹೇಳುತ್ತೇನೆ. ಸಕ್ಕರೆ ಹತೋಟಿಯಲ್ಲಿದೆ. ಕಾಲು ತೆಗೆದ ಜಾಗ ಪೂರ್ತಿ ಒಣಗಿದೆ. ವಾಕರ್ ಹಿಡಿದು ಕೋಣೆಯಿಂದ ಅಡುಗೆಮನೆ ಬಾಗಿಲಿನವರೆಗೆ ಒಂದೇ ಕಾಲಲ್ಲಿ ಕುಪ್ಪಳಿಸುತ್ತಾಳೆ, ಅಲ್ಲಿ ನಿಂತು ನನ್ನ ಹೆಂಡತಿಗೆ ಒಗ್ಗರಣೆ ಸೀದುಹೋಯಿತು ಎಂದು ಪಾಠ ಹೇಳುತ್ತಾಳೆ. ಕೃತಕ ಕಾಲಿಗೆ ಅಚ್ಚು ತೆಗೆದಾಗಿತ್ತು. ಪಟ್ಟಿಯಲ್ಲಿ ಮೂರನೆಯ ಹೆಸರು ಅವಳದು. ಇತ್ತು ಎಂದೇ ಬರೆಯಬೇಕು. ಹೋದ ಶನಿವಾರ ಆ ಕಾಲು ಕೈತಪ್ಪಿತು. ತಪ್ಪಿಸಿದ್ದು ನೀನು ಹಾಕಿದ ಒಂದು ಟಿಕ್ ಗುರುತು.

ಏನು ಎಂದು ಕೇಳುವ ಮೊದಲೇ ಹೇಳುತ್ತೇನೆ, ಪೂರ್ತಿ ಓದು. ಶನಿವಾರ ಇಲ್ಲಿ ವಿದ್ಯಾರ್ಥಿಗಳ ಸಂಶೋಧನಾ ಸ್ಪರ್ಧೆ. ನರ್ಸಿಂಗ್, ಫಿಸಿಯೋಥೆರಪಿ, ಔಷಧ, ಎಲ್ಲ ಮಕ್ಕಳೂ ವರ್ಷಕ್ಕೊಮ್ಮೆ ಬಂದು ತಾವು ಮಾಡಿದ ಅಧ್ಯಯನವನ್ನು ಎಂಟೆಂಟು ನಿಮಿಷದಲ್ಲಿ ಹೇಳಿ ಹೋಗುತ್ತಾರೆ. ಇಪ್ಪತ್ತೆರಡು ವರ್ಷದಿಂದ ಪರದೆಯ ಮೇಲೆ ಅವರ ಚಿತ್ರ ಬಿಡುವವನು ನಾನು, ಏಳು ನಿಮಿಷಕ್ಕೆ ಒಂದು ಗಂಟೆ, ಎಂಟಕ್ಕೆ ಎರಡು ಗಂಟೆ ಹೊಡೆಯುವವನೂ ನಾನೇ. ನನಗೆ ಅವರಿಗಿಂತ ಚೆನ್ನಾಗಿ ಬಾಯಿಪಾಠ ಆಗಿದೆ. ಮೊದಲ ಪುಟದಲ್ಲಿ ಕಾಲೇಜು ಕಟ್ಟಡ, ಎರಡನೆಯದರಲ್ಲಿ ಉದ್ದೇಶ, ನಡುವೆ ಯಾರ ಕಣ್ಣಿಗೂ ಕಾಣದಷ್ಟು ಸಣ್ಣ ಅಕ್ಷರದ ಕೋಷ್ಟಕ, ಕೊನೆಗೆ ಒಂದು ಗುಲಾಬಿ ಹೂವು ಮತ್ತು ಧನ್ಯವಾದ. ತೀರ್ಪುಗಾರರು ಬಿಸ್ಕತ್ತು ಚಹಾದಲ್ಲಿ ಅದ್ದುತ್ತ, ಇಷ್ಟೇ ಜನರನ್ನು ಯಾಕೆ ತೆಗೆದುಕೊಂಡಿರಿ ಎಂದು ಕೇಳುತ್ತಾರೆ. ಸಮಯ ಸಾಲಲಿಲ್ಲ ಸರ್ ಎಂದು ಮಕ್ಕಳು ಹೇಳುತ್ತಾರೆ. ತೀರ್ಪುಗಾರರು ತಲೆಯಾಡಿಸುತ್ತಾರೆ. ಈ ಒಂದು ಪ್ರಶ್ನೆ ಬಿಟ್ಟು ಬೇರೆ ಪ್ರಶ್ನೆ ಕೇಳಿದ್ದನ್ನು ನಾನು ಬೆರಳೆಣಿಕೆಯಷ್ಟು ಸಲ ಕಂಡಿದ್ದೇನೆ. ಇನ್ನೊಂದು ಗುಟ್ಟು ಹೇಳುತ್ತೇನೆ. ಯಾರು ವೇದಿಕೆಯ ಮೇಲೆ ಜೀವಂತ ರೋಗಿಯನ್ನು ಕರೆತಂದು ಕೂರಿಸುತ್ತಾರೋ ಬಹುಮಾನ ಅವರಿಗೇ.

ಈ ಸಲ ವೇದಿಕೆಯ ಮೇಲೆ ಕೂತವಳು ನಮ್ಮಮ್ಮ. ಕೂರಿಸಿದವನು ನಾನು, ಅದನ್ನೂ ಬರೆದುಬಿಡುತ್ತೇನೆ. ನರ್ಸಿಂಗ್ ಕೊನೆ ವರ್ಷದ ಹುಡುಗಿಯೊಬ್ಬಳು ಇದ್ದಾಳೆ, ಒಳ್ಳೆಯ ಹುಡುಗಿ, ಸಂತೆಗೆ ಹೊರಟವಳ ಹಾಗೆ ಯಾವಾಗಲೂ ಹೆಗಲಿಗೆ ಎರಡು ಚೀಲ. ಸಕ್ಕರೆ ಕಾಯಿಲೆಯವರು ಕಾಲಿನ ಹುಣ್ಣಿಗೆ ಡ್ರೆಸ್ಸಿಂಗ್ ಯಾಕೆ ತಪ್ಪಿಸುತ್ತಾರೆ ಎಂಬುದು ಅವಳ ಅಧ್ಯಯನ. ನಲವತ್ತೆರಡು ಜನ ಬೇಕಿತ್ತು, ನಲವತ್ತು ಸಿಕ್ಕಿದ್ದರು. ಅಣ್ಣಾ ನಿಮಗೆ ಯಾರಾದರೂ ಗೊತ್ತಾ ಎಂದು ಈ ಕೋಣೆಯ ಬಾಗಿಲಲ್ಲಿ ನಿಂತು ಕೇಳಿದಳು. ನನ್ನ ತಾಯಿಯೇ ಇದ್ದಾಳಲ್ಲ ಎಂದು ಹೆಮ್ಮೆಯಿಂದ ಹೇಳಿದೆ, ಮನೆಯಲ್ಲಿ ಪದಕ ಇಟ್ಟುಕೊಂಡವನ ಹಾಗೆ. ಕಾಲು ಹೋಗುವ ಹೊತ್ತಿಗೆ ಅಮ್ಮ ನಿನ್ನ ಮನೆಯಲ್ಲಿ ಇದ್ದದ್ದು, ಆರು ತಿಂಗಳು ನಿನ್ನ ಪಾಳಿ, ಆರು ತಿಂಗಳು ನನ್ನದು ಎಂದು ನಾವೇ ಮಾಡಿಕೊಂಡ ಏರ್ಪಾಡು. ಆದ್ದರಿಂದ ನಿನ್ನ ವಿಳಾಸ ಕೊಟ್ಟೆ. ಅವಳು ನಿನಗೆ ಫಾರಂ ಕಳಿಸಿದಳು. ನೀನು ತುಂಬಿ, ಸಹಿ ಹಾಕಿ, ವಾರದೊಳಗೆ ವಾಪಸು ಕಳಿಸಿದೆ. ಜನ್ಮದಲ್ಲಿ ಒಂದು ಕಾಗದಕ್ಕೆ ಸಮಯಕ್ಕೆ ಸರಿಯಾಗಿ ಉತ್ತರ ಬರೆದಿದ್ದರೆ ಅದೊಂದಕ್ಕೇ.

ಸ್ಪರ್ಧೆಯ ಹಿಂದಿನ ಸಂಜೆ ಮಕ್ಕಳು ತಮ್ಮ ತಮ್ಮ ಕಡತಗಳನ್ನು ತಂದು ನನ್ನ ಕಂಪ್ಯೂಟರಿಗೆ ಹಾಕಿಸಿ ಹೋಗುತ್ತಾರೆ. ಪ್ರತಿಯೊಂದನ್ನೂ ಒಂದು ಸಲ ಓಡಿಸಿ ನೋಡಬೇಕು, ಅಕ್ಷರ ಒಡೆದಿದೆಯೋ, ಚಿತ್ರ ಬರುತ್ತದೋ ಎಂದು. ನೋಡಬಹುದು, ಮುಟ್ಟುವಂತಿಲ್ಲ. ಒಂದು ಚುಕ್ಕೆ ತಪ್ಪಿದ್ದರೂ ನಾನು ತಿದ್ದುವಂತಿಲ್ಲ. ಅದು ಇಲ್ಲಿನ ನಿಯಮ, ಅದನ್ನು ಮುರಿಯದವನು ಎಂದೇ ನನ್ನನ್ನು ಇಷ್ಟು ವರ್ಷ ಇಟ್ಟುಕೊಂಡಿದ್ದಾರೆ. ಆ ಹುಡುಗಿಯದನ್ನು ಓಡಿಸುವಾಗ ಹನ್ನೊಂದನೇ ಪುಟ ಬಂತು. ಮೇಲೆ ಅಮ್ಮನ ಪಾದದ ಫೋಟೋ, ಇನ್ನೂ ಪಾದ ಇದ್ದಾಗಿನದು, ಆಸ್ಪತ್ರೆಯ ಫೈಲಿನಿಂದ ತೆಗೆದದ್ದು. ಹೆಬ್ಬೆರಳಿನ ವಾರೆ ಉಗುರು ನೋಡಿಯೇ ಗುರುತು ಹಿಡಿದೆ. ಕೆಳಗೆ ಹೀಗಿತ್ತು: ರೋಗಿ ನಲವತ್ತೊಂದು. ಮಹಿಳೆ, ಅರವತ್ತೊಂಬತ್ತು. ತಪ್ಪಿಸಿದ ಡ್ರೆಸ್ಸಿಂಗ್, ಸತತ ಹತ್ತು. ಕಾರಣ, ರೋಗಿಯ ಸ್ವಂತ ನಿರ್ಲಕ್ಷ್ಯ. ಮಾಹಿತಿ ಕೊಟ್ಟವರು, ಮಗ. ನಾನು ಎಷ್ಟು ಹೊತ್ತು ನೋಡುತ್ತ ಕೂತೆನೋ, ಪರದೆ ತಾನಾಗಿ ಕಪ್ಪಾಯಿತು. ಆಮೇಲೆ ಕಡತ ಮುಚ್ಚಿ, "ಸರಿ ಇದೆ" ಎಂದು ಪಟ್ಟಿಯಲ್ಲಿ ಗುರುತು ಹಾಕಿ ಮನೆಗೆ ಹೋದೆ. ಅಮ್ಮ ಮರುದಿನಕ್ಕೆ ಯಾವ ಬಟ್ಟೆ ಹಾಕಿಕೊಳ್ಳಲಿ ಎಂದು ಸಂಭ್ರಮದಲ್ಲಿದ್ದಳು. ನಾನು ಅವಳ ಒಳ್ಳೆಯ ಸೀರೆ ತೆಗೆದು ಇಸ್ತ್ರಿ ಮಾಡಿಕೊಟ್ಟೆ.

ಶನಿವಾರ ನಾನೇ ಗಾಲಿಕುರ್ಚಿ ತಳ್ಳಿಕೊಂಡು ಬಂದು ವೇದಿಕೆಯ ಪಕ್ಕ ನಿಲ್ಲಿಸಿದೆ. ಹುಡುಗಿ ಅಜ್ಜೀ ಅಜ್ಜೀ ಎನ್ನುತ್ತ ಅವಳ ಬೆನ್ನಿಗೊಂದು ದಿಂಬು ಇಟ್ಟಳು. ನಾನು ಈ ಕೋಣೆಗೆ ಬಂದು ಗಾಜಿನ ಹಿಂದೆ ಕೂತೆ. ಆ ದಿನ ಪುಟ ಬದಲಾಯಿಸುವ ರಿಮೋಟ್ ಕೆಟ್ಟು ಕೂತಿತ್ತು. ಅಲ್ಲಿಂದ ಮಕ್ಕಳು "ನೆಕ್ಸ್ಟ್" ಎನ್ನಬೇಕು, ಇಲ್ಲಿ ನಾನು ಗುಂಡಿ ಒತ್ತಬೇಕು. ಹತ್ತನೇ ಪುಟಕ್ಕೆ ಬಂದಾಗ ಆರೂಮುಕ್ಕಾಲು ನಿಮಿಷ ಆಗಿತ್ತು. ಗಂಟೆ ನನ್ನ ಕೈಯಲ್ಲೇ ಇತ್ತು ಕಣೋ. ಎರಡು ಸಲ ಬಾರಿಸಿದ್ದರೆ ಸಮಯ ಮುಗಿಯಿತು ಎಂದು ಅವಳು ಗುಲಾಬಿ ಹೂವಿಗೆ ಹಾರುತ್ತಿದ್ದಳು. ಆ ಮಗು ಎಂಟು ತಿಂಗಳು ಒದ್ದಾಡಿದ್ದಾಳೆ, ಅವಳ ಒಂದು ನಿಮಿಷ ಕದಿಯುವುದು ನ್ಯಾಯವೇ ಎಂದು ಯೋಚಿಸಿದೆ. ನ್ಯಾಯ ಅಂತೆ ನ್ಯಾಯ! "ನೆಕ್ಸ್ಟ್" ಅಂದಳು, ಒತ್ತಿದೆ. ನಮ್ಮಮ್ಮನ ಪಾದ ಗೋಡೆಯಗಲ ಬಂದು ನಿಂತಿತು.

ಹುಡುಗಿ ಅಲ್ಲಿದ್ದುದನ್ನು ಒಂದಕ್ಷರ ಬಿಡದೆ ಓದಿದಳು. ಮಾಹಿತಿ ಕೊಟ್ಟವರು ಮಗ ಎಂದಾಗ ಅಮ್ಮ ಒಂದು ಸಲ ಹಿಂದಕ್ಕೆ ತಿರುಗಿ ಈ ಗಾಜಿನ ಕಡೆ ನೋಡಿದಳು, ನಾನೋ ಎಂದು. ಇಲ್ಲಿ ಕತ್ತಲೆ, ಅವಳಿಗೆ ಏನೂ ಕಂಡಿರಲಾರದು. ಆಮೇಲೆ ಅವಳಿಗೆ ತಾನಾಗಿಯೇ ಗೊತ್ತಾಯಿತು ಎಂದು ಕಾಣುತ್ತದೆ, ತಲೆ ತಗ್ಗಿಸಿ ಹೊದ್ದ ಶಾಲಿನ ಅಂಚು ಸರಿಮಾಡಿಕೊಂಡಳು. ತೀರ್ಪುಗಾರರಲ್ಲಿ ಒಬ್ಬರು ಕೃತಕ ಕಾಲು ಕೇಂದ್ರದ ದೊಡ್ಡ ಡಾಕ್ಟರು, ಅಮ್ಮನಿಗೆ ಅಚ್ಚು ತೆಗೆದವರೇ. ಅವರು ಬಿಸ್ಕತ್ತು ಕೆಳಗಿಟ್ಟು, "ಏನಮ್ಮಾ, ಹತ್ತು ಸಲ ಬರಲಿಲ್ಲವಂತೆ, ಯಾಕೆ?" ಎಂದು ಕೇಳಿದರು. ಬೈದು ಕೇಳಿದ್ದಲ್ಲ, ಸಲಿಗೆಯಿಂದಲೇ ಕೇಳಿದರು. ಅಮ್ಮ ಏನು ಹೇಳಿದಳು ಗೊತ್ತೆ? "ನನ್ನದೇ ಸೋಮಾರಿತನ ಡಾಕ್ಟ್ರೇ. ನನ್ನ ಮಗ ಪಾಪ ದಿನಾ ಕರೀತಿದ್ದ, ನಾನೇ ನಾಳೆ ನಾಳೆ ಅಂತಿದ್ದೆ." ಸಭೆಗೆ ಸಭೆಯೇ ನಕ್ಕಿತು. ಚಪ್ಪಾಳೆ ಬೇರೆ. ಎಷ್ಟು ಪ್ರಾಮಾಣಿಕ ಅಜ್ಜಿ ಎಂದು ಇನ್ನೊಬ್ಬ ತೀರ್ಪುಗಾರರು ಹೊಗಳಿದರು. ಅಮ್ಮನೂ ನಕ್ಕಳು. ಹುಡುಗಿ ಹನ್ನೆರಡನೇ ಪುಟ ತೋರಿಸಿ ಮುಗಿಸುವಷ್ಟರಲ್ಲಿ ಎಂಟು ನಿಮಿಷವಾಗಿತ್ತು, ನಾನು ಎರಡು ಗಂಟೆ ಹೊಡೆದೆ.

ನಾಳೆ ನಾಳೆ ಎಂದವರು ಯಾರು ಎನ್ನುವುದು ನಿನಗೂ ಗೊತ್ತು, ನಿನ್ನ ಹಳೇ ಮನೆಯ ಕೆಳಗಿದ್ದ ಟೈಲರಮ್ಮನಿಗೂ ಗೊತ್ತು. ಕಾಲು ಹೋದ ಮೇಲೆ ಅವರೇ ನನಗೆ ಎಲ್ಲ ಹೇಳಿದರು. ಊರಿನ ಲಿಫ್ಟನ್ನೆಲ್ಲ ಮೇಲೆ ಕೆಳಗೆ ಓಡಿಸುವವನ ಮನೆ ಲಿಫ್ಟಿಲ್ಲದ ಮೂರನೇ ಮಹಡಿ, ಇದಕ್ಕಿಂತ ತಮಾಷೆ ಬೇಕೆ! ದಿನ ಬಿಟ್ಟು ದಿನ ಡ್ರೆಸ್ಸಿಂಗ್. ಹತ್ತು ಗಂಟೆಗೆ ಬಂದು ಇಳಿಸಿಕೊಂಡು ಹೋಗ್ತೀನಿ, ರೆಡಿಯಾಗಿರು ಎಂದು ನೀನು ಹೇಳಿ ಹೋಗುವುದು. ಅವಳು ಒಂಬತ್ತಕ್ಕೇ ತಲೆ ಬಾಚಿಕೊಂಡು, ಆಸ್ಪತ್ರೆಯ ಫೈಲು ಮಡಿಲಲ್ಲಿ ಇಟ್ಟುಕೊಂಡು, ಬಾಗಿಲ ಹತ್ತಿರ ಕುರ್ಚಿ ಎಳೆದುಕೊಂಡು ಕೂರುವುದು. ಒಂದು ಗಂಟೆಗೆ ಡ್ರೆಸ್ಸಿಂಗ್ ಕೋಣೆ ಮುಚ್ಚುತ್ತದೆ. ಒಂದೂವರೆಗೆ ಅವಳು ಎದ್ದು ಕುರ್ಚಿಯನ್ನು ಮತ್ತೆ ಒಳಗೆ ಎಳೆಯುವ ಸದ್ದು ಟೈಲರಮ್ಮನಿಗೆ ಕೆಳಗೆ ಕೇಳುತ್ತಿತ್ತಂತೆ. ಹತ್ತು ದಿನ ಕೇಳಿಸಿತಂತೆ. ಸಂಜೆ ನೀನು ಬಂದು ಯಾವುದೋ ಕಟ್ಟಡದಲ್ಲಿ ಜನ ಸಿಕ್ಕಿಹಾಕಿಕೊಂಡಿದ್ದರು, ಬಿಡಿಸಿ ಬಂದೆ ಎನ್ನುವುದು. ಊರಿಗೆ ಉಪಕಾರಿ, ಮನೆಗೆ ಮಾರಿ. ಅಷ್ಟು ಮಾಡಿ ಫಾರಂ ಬಂದಾಗ ಏನು ಮಾಡಿದೆ? ನಾಲ್ಕು ಕಾರಣ ಇದ್ದವು ಅದರಲ್ಲಿ. ಹಣದ ತೊಂದರೆ, ದೂರ, ಕರೆತರಲು ಯಾರೂ ಇಲ್ಲ, ರೋಗಿಯ ನಿರ್ಲಕ್ಷ್ಯ. ಮೂರನೆಯದು ನಿನ್ನ ಕಣ್ಣೆದುರಿಗೇ ಇತ್ತು. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತು ಎಂದು ಚಿಕ್ಕಂದಿನಲ್ಲಿ ಓದಿ ನಕ್ಕಿದ್ದೆವಲ್ಲ, ಈಗ ನಗು ಬರುತ್ತಿಲ್ಲ.

ನಾನೇನು ಸಾಚಾ ಎಂದು ಹೇಳುತ್ತಿಲ್ಲ. ಭಾನುವಾರ ಭಾನುವಾರ ಫೋನ್ ಮಾಡುತ್ತಿದ್ದೆ, ಚೆನ್ನಾಗಿದ್ದೀನಿ ಎನ್ನುತ್ತಿದ್ದಳು, ನಂಬುತ್ತಿದ್ದೆ. ನಂಬಿದರೆ ಬಸ್ಸು ಹತ್ತಿ ಬರುವ ಕೆಲಸ ತಪ್ಪುತ್ತಿತ್ತು. ಅಷ್ಟನ್ನು ಒಪ್ಪಿಕೊಳ್ಳುತ್ತೇನೆ. ಆದರೆ ನಾನು ಯಾವ ಕಾಗದದ ಮೇಲೂ ಸುಳ್ಳು ಗುರುತು ಹಾಕಲಿಲ್ಲ.

ಆ ಹನ್ನೆರಡನೇ ಪುಟದ ಮಾತು ಹೇಳಲಿಲ್ಲ. ನಲವತ್ತೆರಡು ಜನರ ಕಾರಣಗಳನ್ನು ದುಂಡಗೆ ಹೋಳು ಮಾಡಿ ತೋರಿಸಿದ್ದಳು, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಕೆಂಪು. ಕೆಂಪು ಎಂದರೆ ರೋಗಿಯ ನಿರ್ಲಕ್ಷ್ಯ. ಕರೆತರಲು ಯಾರೂ ಇಲ್ಲ ಎನ್ನುವುದು ಒಂದು ಎಳೆಯಷ್ಟು ನೀಲಿ, ಹುಡುಕಿದರೆ ಕಾಣುವಂಥದು. ನನಗೆ ಆಗಲೇ ತಲೆಯಲ್ಲಿ ಹುಳ ಹೊಕ್ಕಿತು. ಸ್ಪರ್ಧೆ ಮುಗಿದ ಮೇಲೆ ಮೊದಲ ಬಹುಮಾನದ ಕಪ್ ಹಿಡಿದು ಹುಡುಗಿ ನನ್ನ ಕೋಣೆಗೆ ಬಂದಾಗ ಒಂದೇ ಮಾತು ಕೇಳಿದೆ: ಈ ನಲವತ್ತೆರಡು ಫಾರಂ ತುಂಬಿದವರು ರೋಗಿಗಳೋ, ಜೊತೆಗಿದ್ದವರೋ? "ಜೊತೆಗಿದ್ದವ್ರು ಅಣ್ಣಾ. ರೋಗಿಗಳು ಸುಸ್ತಾಗಿರ್ತಾರೆ, ಅವ್ರಿಗೆ ತೊಂದ್ರೆ ಕೊಡ್ಬೇಡ, ಮನೆಯವ್ರನ್ನ ಕೇಳು ಅಂತ ನಮ್ಮ ಸರ್ ಹೇಳಿದ್ರು" ಎಂದಳು. ಹೇಳುತ್ತ ಹೇಳುತ್ತ ಅವಳ ಮುಖ ಬಿಳಿಚಿಕೊಂಡಿತು. ಬುದ್ಧಿವಂತೆ, ನಾನು ಮುಂದೆ ಹೇಳಬೇಕಾಗಲಿಲ್ಲ. ಕರೆದುಕೊಂಡು ಬರದವರನ್ನೇ ಯಾಕೆ ಬರಲಿಲ್ಲ ಎಂದು ಕೇಳಿದರೆ ಯಾರ ಹೆಸರು ಹೇಳುತ್ತಾರೆ? ಮೂವರು ತೀರ್ಪುಗಾರರು, ಹೆಸರಿನ ಹಿಂದೆ ಮಾರುದ್ದ ಪದವಿ, ಅವರು ಕೇಳಿದ್ದು ನಲವತ್ತೆರಡೇ ಯಾಕೆ, ನೂರು ಯಾಕಿಲ್ಲ ಎಂದು. ಆ ಕೆಂಪು ಹೋಳಿನಲ್ಲಿ ಇನ್ನೂ ಎಷ್ಟು ಜನ ಅಮ್ಮಂದಿರು, ಅಪ್ಪಂದಿರು ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದರೋ.

ಸೋಮವಾರ ಕೃತಕ ಕಾಲು ಕೇಂದ್ರಕ್ಕೆ ಹೋದರೆ ಅಮ್ಮನ ಹೆಸರು ಮೂರರಿಂದ ಮುಂದಿನ ವರ್ಷದ ಪಟ್ಟಿಗೆ ಹೋಗಿದೆ. ಡಾಕ್ಟರು ಕೆಟ್ಟವರಲ್ಲ, ಕುಳಿತುಕೊಳ್ಳಿ ಎಂದರು. "ನೋಡಿ, ಈ ವರ್ಷ ಇರೋದು ಹದಿನಾಲ್ಕು ಕಾಲು, ಕೇಳ್ತಿರೋರು ಅರವತ್ತು ಜನ. ಕಾಲು ಹಾಕಿದ ಮೇಲೆ ಮೂರು ತಿಂಗಳು ದಿನಾ ವ್ಯಾಯಾಮಕ್ಕೆ ಬರ್ಬೇಕು. ಡ್ರೆಸ್ಸಿಂಗಿಗೇ ಬರದೋರು ಇದಕ್ಕೆ ಬರ್ತಾರಾ? ಅವರ ಬಾಯಲ್ಲೇ ಕೇಳಿದ್ನಲ್ಲ" ಎಂದರು. ನಾನು ಎಲ್ಲ ವಿವರಿಸಿದೆ. ನಿಮ್ಮ ಮಾತು ಹೇಗೆ ತಗೊಳ್ಳಲಿ, ಆಗ ನೀವು ಜೊತೆಗೆ ಇರಲಿಲ್ಲವಲ್ಲ ಎಂದರು. ಅದೂ ಸರಿಯೇ. ಹುಡುಗಿ ಹೋಗಿ ಅವರ ಕಾಲು ಹಿಡಿಯುವುದೊಂದು ಬಾಕಿ. ನನ್ನ ಅಧ್ಯಯನವೇ ತಪ್ಪು ಸರ್, ಬೇಕಾದ್ರೆ ಕಪ್ ವಾಪಸ್ ತಗೊಳ್ಳಿ ಎಂದಳಂತೆ. ಕೊನೆಗೆ ಅವರು ಒಪ್ಪಿದ್ದು ಇಷ್ಟಕ್ಕೆ: ಮೊದಲು ಫಾರಂ ತುಂಬಿದವನೇ ತಿದ್ದುಪಡಿ ಫಾರಂ ತುಂಬಿ ಸಹಿ ಹಾಕಿ ಕಳಿಸಲಿ, ಇಪ್ಪತ್ತೈದನೇ ತಾರೀಕಿನ ಒಳಗೆ ಬಂದರೆ ಹೆಸರು ಮೂರನೇ ಜಾಗಕ್ಕೆ ವಾಪಸ್. ಮುಂದಿನ ವರ್ಷ ಎಂದರೆ ಅವಳಿಗೆ ಎಪ್ಪತ್ತು ತುಂಬಿರುತ್ತದೆ. ಎಪ್ಪತ್ತಾದವರಿಗೆ ಅಲ್ಲಿ ಕಾಲು ಕೊಡುವುದೇ ಇಲ್ಲ.

ಆ ಕಾಲು ಹಾಕಿಕೊಂಡು ಅವಳೇನು ಬೆಟ್ಟ ಹತ್ತಬೇಕಾಗಿಲ್ಲ ಕಣೋ. "ಸೊಸೇನ ಕೂಗದೆ ಬಚ್ಚಲಿಗೆ ಹೋಗಿ ಬರ್ಬೇಕು, ಅಷ್ಟಾದ್ರೆ ಸಾಕು" ಎನ್ನುತ್ತಾಳೆ. ನನ್ನ ಹೆಂಡತಿ ಒಂದು ದಿನವೂ ಮುಖ ಸಿಂಡರಿಸಿದವಳಲ್ಲ, ಆದರೂ ಅಮ್ಮ ಸಂಜೆ ಆರರ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಿದ್ದಾಳೆ. ಯಾಕೆ ಎಂದು ನೀನೇ ಯೋಚಿಸು. ಅವತ್ತು ಸಭಾಂಗಣದಿಂದ ಮನೆಗೆ ಕುರ್ಚಿ ತಳ್ಳುತ್ತ ಬರುವಾಗ, ಯಾಕಮ್ಮಾ ಸುಳ್ಳು ಹೇಳಿದೆ ಎಂದು ಕೇಳಿದೆ. "ಸುಮ್ನಿರು. ಅವನ ಮಗಳು ಎಲ್ಲ ತಿಳ್ಕೊಳ್ಳೋ ವಯಸ್ಸಿಗೆ ಬಂದಿದಾಳೆ. ನಮ್ಮಪ್ಪ ಹೀಗೆ ಅಂತ ಅವಳ ಕಿವಿಗೆ ಬೀಳ್ಬೇಕಾ?" ಎಂದಳು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವುದು ಸುಮ್ಮನೆ ಅಲ್ಲ. ನಿನಗೆ ಸ್ವಲ್ಪವಾದರೂ ಮಾನ ಎನ್ನುವುದು ಇದ್ದರೆ ಜೊತೆಗಿಟ್ಟ ಫಾರಂನಲ್ಲಿ ಮೂರನೇ ಸಾಲಿಗೆ ಗುರುತು ಹಾಕಿ, ಸಹಿ ಮಾಡಿ, ಅದೇ ದಿನ ಅಂಚೆಗೆ ಹಾಕು. ನನಗೆ ವಿವರಣೆ ಬರೆಯಬೇಡ. ಕೆಲಸ ಜಾಸ್ತಿ ಇತ್ತು, ಮನೆಯಲ್ಲಿ ತಾಪತ್ರಯ ಇತ್ತು ಎಂಬುದೆಲ್ಲ ಬೇಡ, ನನಗೂ ಇದ್ದವು.

ಎರಡೂವರೆಗೆ ಔಷಧ ವಿಭಾಗದವರ ಸಭೆ ಇದೆ, ಮೈಕ್ ಜೋಡಿಸಬೇಕು. ನಿನ್ನ ಹೆಂಡತಿಗೆ ನಾನು ಕೇಳಿದೆನೆಂದು ಹೇಳು, ಮಗಳಿಗೆ ನನ್ನ ಆಶೀರ್ವಾದ. ನಿನಗೂ ಆಶೀರ್ವಾದ ಬರೆಯಬೇಕು, ಹಿರಿಯವನಲ್ಲವೆ. ಅದನ್ನು ಈ ಸಲ ಬಾಕಿ ಇಟ್ಟಿದ್ದೇನೆ.

ನಿನ್ನ ಅಣ್ಣ

ತಾ.ಕ.: ಶುಕ್ರವಾರ ಬೆಳಗ್ಗೆ, ಬಸ್ಸಿಗೆ ನಿಂತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದು. ನಿನ್ನೆ ಮನೆಗೆ ಹೋದಾಗ ಜೇಬಿನಲ್ಲಿದ್ದ ಈ ಲಕೋಟೆಯ ಮೇಲೆ ಅಮ್ಮನ ಕಣ್ಣು ಬಿತ್ತು. ಓದಿ ಹೇಳುವ ತನಕ ಬಿಡಲಿಲ್ಲ. ಪೂರ್ತಿ ಕೇಳಿದಳು. ಮುಗಿದ ಮೇಲೆ ಹೇಳಿದಳು: "ನಿಂಗೂ ಫೋನ್ ಮಾಡಿದ್ದೆ ಕಣೋ ಆವಾಗ. ಕಾಲು ವಾಸನೆ ಬರ್ತಿದೆ, ಒಂದ್ಸಲ ಬಂದು ನೋಡು ಅಂದೆ. ಹಾಲ್‌ನಲ್ಲಿ ಮಕ್ಕಳ ಸ್ಪರ್ಧೆ ನಡೀತಿದೆ, ಆಮೇಲೆ ಮಾಡ್ತೀನಿ ಅಂತ ನೀನು ಇಟ್ಬಿಟ್ಟೆ. ಅದನ್ನ ಯಾವ ಫಾರಂನಲ್ಲಿ ಬರೀತೀಯ?" ನನಗೆ ನೆನಪೇ ಇಲ್ಲ. ಸಿಟ್ಟಿನಲ್ಲಿ ಇಲ್ಲ ಎಂದೆ. ಆಮೇಲೆ ಲೆಕ್ಕ ಹಾಕಿ ನೋಡಿದೆ, ಹೋದ ವರ್ಷದ ಸ್ಪರ್ಧೆ ಆಗಿ ಎಂಟನೇ ದಿನಕ್ಕೆ ಕಾಲು ತೆಗೆದದ್ದು. ಅವಳು ಹೇಳುವುದು ನಿಜ ಇರಬೇಕು. "ಅವನೊಬ್ಬನ ತಲೆಗೆ ಕಟ್ಟಿದ್ರೆ ಮಾತ್ರ ಕಾಲು ಸಿಗತ್ತೆ ಅನ್ನೋದಾದ್ರೆ ನಂಗೆ ಬೇಡ, ಹಾಕಿದ್ರೂ ನಾನು ಹಾಕ್ಕೊಳ್ಳಲ್ಲ" ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. ಇವತ್ತು ಬೆಳಗ್ಗೆ ಕಾಫಿ ಮುಟ್ಟಿಲ್ಲ. ಫಾರಂನಲ್ಲಿ "ಕರೆತರಬೇಕಾಗಿದ್ದವರು" ಎಂದು ಸಹಿಗೆ ಒಂದೇ ಗೆರೆ ಇತ್ತು. ಸ್ಕೇಲ್ ಇಟ್ಟು ಕೆಳಗೆ ಇನ್ನೊಂದು ಎಳೆದಿದ್ದೇನೆ. ಅಮ್ಮನಿಗೆ ತೋರಿಸಿದೆ, ಅವಳು ಹೂಂ ಎಂದ ಮೇಲೇ ಕಳಿಸುತ್ತಿರುವುದು. ನಿನ್ನ ಸಹಿ ಇಲ್ಲದೆ ಡಾಕ್ಟರು ಅದನ್ನು ತೆಗೆದುಕೊಳ್ಳುವುದಿಲ್ಲ. ಇಪ್ಪತ್ತೈದು ಕೊನೆಯ ದಿನ, ಮರೆಯಬೇಡ. ಮೇಲಿನ ಗೆರೆಯಲ್ಲಿ ನಾನು ಸಹಿ ಹಾಕಿದ್ದೇನೆ. ಕೆಳಗಿನದು ಖಾಲಿ ಇದೆ.